ಕನ್ನಡ ಟೀಚರಿಗಾಗಿ ಹೊದಿಸಿದ ಶಾಲುಗಳು

ಶಾಲೆಯ ಆಡಳಿತ ಮಂಡಳಿಗೆ ಒಮ್ಮೆ ಆರಿಸಿ ಬಂದವನ ಬದುಕಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಹೇಳಿಕೊಂಡರೆ ಕೇಳಿದವರು ನಗುತ್ತಾರೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು, ಈಗ ನಾನೂ ಅವರ ಜೊತೆ ಸೇರಿಕೊಂಡು ನಗುತ್ತೇನೆ. ಅತ್ತರೆ ಕೇಳುವವರಿಲ್ಲ ಎನ್ನುವುದು ಅನುಭವದಿಂದ ಗೊತ್ತಾಗಿದೆ.

ನಾನು ಸೌದಿಯ ಜಿದ್ದಾದಲ್ಲಿ, ಬಂದರಿಗೆ ಬಂದ ಸರಕು ಬಿಡಿಸಿಕೊಡುವ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದೇನೆ. ಊರು ಪುತ್ತೂರಿನ ಹತ್ತಿರ. ಮಗಳು ಓದುವ ಇಂಡಿಯನ್ ಸ್ಕೂಲಿನ ಆಡಳಿತ ಮಂಡಳಿಗೆ ಪಾಲಕರೆಲ್ಲ ಸೇರಿ ನನ್ನನ್ನು ಆರಿಸಿದರು. ಆರಿಸಿದರು ಎನ್ನುವುದಕ್ಕಿಂತ, ಉಳಿದವರೆಲ್ಲ ತಮ್ಮ ಹೆಸರು ಹಿಂದಕ್ಕೆ ತೆಗೆದುಕೊಂಡ ದಿನ ನಾನು ಕೆಲಸದ ಮೇಲೆ ಯಾನ್ಬುವಿಗೆ ಹೋಗಿದ್ದೆ ಎನ್ನುವುದು ಸರಿ. ಮಂಡಳಿಯಲ್ಲಿ ಮಲಯಾಳಿಗಳು, ಹೈದರಾಬಾದಿನವರು, ಬಿಹಾರದವರು ಎಲ್ಲ ಇದ್ದಾರೆ. ಕನ್ನಡದವರು ಇಬ್ಬರೇ: ನಾನು, ಮತ್ತು ಭಟ್ಕಳದ ಸಾಹೇಬರು. ಸಾಹೇಬರಿಗೆ ಜಿದ್ದಾದಲ್ಲಿ ಅಪ್ಪನ ಕಾಲದಿಂದಲೂ ಬಟ್ಟೆ ಅಂಗಡಿ ಇದೆ. ದೊಡ್ಡ ಮನಸ್ಸಿನ ಮನುಷ್ಯ, ಆದರೆ ಲೋಕದ ಯಾವ ಕೆಲಸವೂ ಒಂದು ಶಾಲಿನಿಂದ ಆಗಿಯೇ ಆಗುತ್ತದೆ ಎಂದು ನಂಬಿದವರು.

ನಮ್ಮ ಸಂಕಟ ಇಷ್ಟು. ಶಾಲೆಯಲ್ಲಿ ಕನ್ನಡ ಕಲಿಸುವವರು ಕುಂದಾಪುರದ ಟೀಚರ್ ಒಬ್ಬರೇ. ಅವರ ಗಂಡನ ಕೆಲಸ ಹೋಯಿತು. ಶಾಲೆಯ ವರ್ಷ ಮುಗಿಯುತ್ತಲೇ ಗಂಡ ಹೆಂಡತಿ ಇಬ್ಬರೂ ಫೈನಲ್ ಎಗ್ಸಿಟ್, ಅಂದರೆ ಸೌದಿ ಬಿಟ್ಟೇ ಹೋಗುವ ವೀಸಾ, ಹೊಡೆಸಿಕೊಂಡು ಊರಿಗೆ ಹೊರಡುವುದೆಂದು ನಿಶ್ಚಯವಾಯಿತು. ಲಕ್ನೋ ಕಡೆಯವರಾದ ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆಸಿ, ಚಾ ಕೊಟ್ಟು, ಬಹಳ ಮರ್ಯಾದೆಯಿಂದ ಹೇಳಿದರು: "ನಿಮ್ಮ ರಾಜ್ಯ ಸರ್ಕಾರದಿಂದ ಒಬ್ಬ ಟೀಚರನ್ನು ಕರೆಸಿಕೊಳ್ಳಿ. ಸಂಬಳ, ಮನೆ ಎಲ್ಲ ಶಾಲೆಯದು. ಬರದಿದ್ದರೆ ಹೊಸ ವರ್ಷದಿಂದ ಆ ಪೀರಿಯಡ್ ಫ್ರೆಂಚಿಗೆ." ನಾವು ಹೊರಗೆ ಬರುವಾಗ ಫ್ರೆಂಚ್ ಟೀಚರ್ ಕನ್ನಡ ಕ್ಲಾಸಿನ ಬಾಗಿಲಲ್ಲಿ ನಿಂತು ಗೋಡೆ ನೋಡುತ್ತಿದ್ದರು.

ನನಗೆ ಇದು ಭಾಷಾಭಿಮಾನದ ಪ್ರಶ್ನೆ ಅಲ್ಲ. ಅಷ್ಟು ದೊಡ್ಡ ಮಾತು ನನಗೆ ಬರುವುದಿಲ್ಲ. ಮನೆಯಲ್ಲಿ ನಾವು ಬ್ಯಾರಿ ಮಾತಾಡುತ್ತೇವೆ, ಮಗಳು ಗೆಳತಿಯರ ಜೊತೆ ಇಂಗ್ಲಿಷ್. ಆದರೆ ಇಲ್ಲಿಯ ಖರ್ಚಿನಲ್ಲಿ ಸಂಸಾರವನ್ನು ಇಲ್ಲಿಟ್ಟುಕೊಳ್ಳುವುದು ಇನ್ನು ನನ್ನ ಕೈಯಲ್ಲಿ ಆಗುವ ಮಾತಲ್ಲ. ಒಂದೆರಡು ವರ್ಷದಲ್ಲಿ ಹೆಂಡತಿ ಮಗಳು ಊರಿಗೆ ಹೋಗಬೇಕು. ಪುತ್ತೂರಿನ ಶಾಲೆಗೆ ಫೋನು ಮಾಡಿ ಕೇಳಿದಾಗ ಅಲ್ಲಿಯ ಹೆಡ್ಮಾಸ್ಟರು, "ಕನ್ನಡ ಓದಲಿಕ್ಕೆ ಬರೆಯಲಿಕ್ಕೆ ಬಾರದಿದ್ದರೆ ಕೆಳಗಿನ ಕ್ಲಾಸಿನಲ್ಲಿ ಕೂರಿಸಬೇಕಾಗ್ತದೆ, ಮತ್ತೆ ಬೇಜಾರು ಮಾಡಬಾರದು" ಎಂದಿದ್ದರು. ಎತ್ತರಕ್ಕೆ ಬೆಳೆದ ನನ್ನ ಮಗಳು ಚಿಕ್ಕ ಮಕ್ಕಳ ಬೆಂಚಿನಲ್ಲಿ ಕಾಲು ಮಡಚಿ ಕೂತ ಚಿತ್ರ ಅಂದಿನಿಂದ ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ.

ಹೊರಡುವಾಗ ಪ್ರಿನ್ಸಿಪಾಲರು ಇಂಟರ್ನೆಟ್ಟಿನಿಂದ ತೆಗೆದ ಕೆಲವು ಹಾಳೆಗಳನ್ನು ನನ್ನ ಕೈಗಿತ್ತರು. ಅಮೆರಿಕದ ಯಾರೋ ಬರೆದದ್ದು: ಶಾಲಾ ಮಂಡಳಿಯ ಸದಸ್ಯರು ತಮ್ಮ ರಾಜ್ಯದ ಶಾಸಕರಿಂದ ಕೆಲಸ ಮಾಡಿಸಿಕೊಳ್ಳುವುದು ಹೇಗೆ ಎಂದು. ಮೊದಲು ಪರಿಚಯ ಬೆಳೆಸಿ, ಚುಟುಕಾಗಿ ಹೇಳಿ, ಕಚೇರಿಗೆ ಹೋಗಿ ಕಾಣಿ, ಶಾಲೆಗೆ ಕರೆದು ಮಕ್ಕಳನ್ನು ತೋರಿಸಿ, ಹೀಗೆ. ನಾನು ಅದನ್ನು ಭಕ್ತಿಯಿಂದ ಓದಿದೆ. ಸಾಹೇಬರು ಮಡಚಿ ಜೇಬಿಗೆ ಹಾಕಿಕೊಂಡು, "ಇದರಲ್ಲಿ ಶಾಲಿನ ಸುದ್ದಿಯೇ ಇಲ್ಲವಲ್ಲ ಮಾರಾಯ" ಎಂದರು.

೧. ತಲೆಗೇರದ ಪೇಟ

ಮೊದಲು ಸಿಕ್ಕಿದವರು ಮಕ್ಕಾದ ಉಮ್ರಾ ಯಾತ್ರೆಗೆ ಬರುತ್ತಿದ್ದ ಒಬ್ಬ ಶಾಸಕರು. ನಮಗೆ ಇದೊಂದು ಅನುಕೂಲ ಉಂಟು. ಊರಿನಲ್ಲಿ ಶಾಸಕರನ್ನು ಹುಡುಕಿಕೊಂಡು ಹೋಗಬೇಕು. ಜಿದ್ದಾದಲ್ಲಿ ಕೂತಿದ್ದರೆ ಮಕ್ಕಾಕ್ಕೆ ಹೋಗುವವರು ಒಂದಲ್ಲ ಒಂದು ದಿನ ನಮ್ಮ ವಿಮಾನ ನಿಲ್ದಾಣಕ್ಕೆ ಇಳಿಯಲೇಬೇಕು.

ಸಾಹೇಬರು ಶಾಲು, ಮೈಸೂರು ಪೇಟ ಎಲ್ಲ ತಯಾರು ಮಾಡಿಕೊಂಡು ಬಂದರು. ನನ್ನ ಕೈಯಲ್ಲಿ ಮನವಿ ಪತ್ರ. ಫೋಟೋ ತೆಗೆಯಲು ಅಂಗಡಿಯ ಸೇಲ್ಸ್‌ಮನ್. ಶಾಸಕರು ಹೊರಗೆ ಬಂದರು. ವಿಮಾನದಲ್ಲೇ ಇಹ್ರಾಮ್ ಕಟ್ಟಿಕೊಂಡಿದ್ದರು, ಅಂದರೆ ಯಾತ್ರೆಗೆ ಗಂಡಸರು ತೊಡುವ ಹೊಲಿಗೆ ಇಲ್ಲದ ಎರಡು ಬಿಳಿ ಬಟ್ಟೆ, ಸೊಂಟಕ್ಕೊಂದು, ಹೆಗಲಿಗೊಂದು. ಅದನ್ನು ಕಟ್ಟಿಕೊಂಡ ಮೇಲೆ ಉಮ್ರಾ ಮುಗಿಯುವವರೆಗೆ ಗಂಡಸರು ತಲೆ ಮುಚ್ಚುವಂತಿಲ್ಲ. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಎಷ್ಟೋ ಸಲ ಉಮ್ರಾ ಮಾಡಿದ ಸಾಹೇಬರಿಗಂತೂ ಚೆನ್ನಾಗಿ ಗೊತ್ತು. ಆದರೆ ಶಾಸಕರೆಂದು ಕಂಡ ಕೂಡಲೇ ಅವರ ಕೈಗಳು ತಮ್ಮಷ್ಟಕ್ಕೆ ಮೇಲೆದ್ದವು, ಪೇಟ ತಲೆಯ ಕಡೆ ಹೊರಟಿತು.

ಶಾಸಕರು ಕುತ್ತಿಗೆ ಹಿಂದಕ್ಕೆ ಎಳೆದುಕೊಂಡರು. ನಾನು "ಸಾಹೇಬ್ರೇ, ತಲೆ, ತಲೆ" ಎಂದೆ. ಸಾಹೇಬರಿಗೆ ಎಚ್ಚರವಾಗಿ ಕೈ ಅಲ್ಲೇ ನಿಂತಿತು. ಸೇಲ್ಸ್‌ಮನ್ ಕ್ಲಿಕ್ ಮಾಡಿದ್ದು ಸರಿಯಾಗಿ ಆ ಹೊತ್ತಿಗೆ. ಗಾಳಿಯಲ್ಲಿ ನಿಂತ ಪೇಟ, ಅದರ ಕೆಳಗೆ ಗಾಬರಿಯಾದ ಶಾಸಕರು. ಮರುದಿನ ಊರಿನ ಒಂದು ಪತ್ರಿಕೆಯಲ್ಲಿ ಆ ಫೋಟೋ "ಜಿದ್ದಾದಲ್ಲಿ ಶಾಸಕರಿಗೆ ಪೇಟ ತೊಡಿಸಿ ಸನ್ಮಾನ" ಎಂದು ಬಂತು.

ಇನ್ನು ಮನವಿ. ಕೊಟ್ಟೆ. ಅವರು ತೆಗೆದುಕೊಂಡರು, ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಹೊಲಿಗೆಯೇ ಇಲ್ಲದ ಬಟ್ಟೆಗೆ ಜೇಬು ಎಲ್ಲಿಂದ ಬರಬೇಕು. ಸೊಂಟದ ಬೆಲ್ಟಿನಲ್ಲಿ ಪಾಸ್‌ಪೋರ್ಟು ತುಂಬಿತ್ತು. ಮನವಿಯನ್ನು ನನಗೇ ವಾಪಸು ಕೊಟ್ಟು, "ಬಾಯಲ್ಲಿ ಹೇಳಿ" ಎಂದರು. ಅಮೆರಿಕದವರು ಹೇಳಿದಂತೆ ಚುಟುಕಾಗಿ ಹೇಳಿದೆ. ಶ್ರದ್ಧೆಯಿಂದ ಕೇಳಿದರು. ಕಣ್ಣಲ್ಲಿ ನಿಜವಾದ ಮರುಕ ಕಂಡಿತು.

"ಹಾಗಾದರೆ ಸರ್, ಒಬ್ಬ ಟೀಚರನ್ನು ಕಳಿಸಿಕೊಡ್ತೀರಲ್ಲ?" ಎಂದೆ.

ಅವರು ಹೆಗಲ ಬಟ್ಟೆ ಸರಿ ಮಾಡಿಕೊಂಡರು. ಆಮೇಲೆ ಮೆಲ್ಲಗೆ, "ಇಹ್ರಾಮ್‌ನಲ್ಲಿದ್ದೇನೆ, ಸುಳ್ಳು ಹೇಳಬಾರದು. ಆಶ್ವಾಸನೆ ಏನಿದ್ದರೂ ಉಮ್ರಾ ಮುಗಿಸಿ ಬಂದ ಮೇಲೆ ಕೊಡ್ತೇನೆ" ಎಂದರು.

ಮಾತಿಗೆ ತಪ್ಪಲಿಲ್ಲ. ಉಮ್ರಾ ಮುಗಿಸಿ, ತಲೆ ಬೋಳಿಸಿಕೊಂಡು, ಪ್ಯಾಂಟು ಹಾಕಿಕೊಂಡ ಮೇಲೆ ಮಕ್ಕಾದ ಹೋಟೆಲಿನಿಂದ ಫೋನು ಮಾಡಿ, ಕೇಳಿದ್ದಕ್ಕೆಲ್ಲ ಆಶ್ವಾಸನೆ ಕೊಟ್ಟರು.

೨. ಶಾಲಿನ ಸವಾರಿ

ಎರಡನೆಯವರು ಯಾವುದೋ ವ್ಯಾಪಾರದ ಮೇಳಕ್ಕೆ ಬಂದವರು. ಜೇಬುಗಳಿರುವ ಕೋಟು ಹಾಕಿದ್ದರು, ಅದನ್ನು ನೋಡಿಯೇ ನನಗೆ ಆಸೆ ಹುಟ್ಟಿತು. ಆದರೆ ಸಾಹೇಬರು ಈ ಸಲ ಒಂದು ಹೊಸ ಉಪಾಯ ಮಾಡಿದ್ದರು. ಮನವಿಯನ್ನು ಸುಮ್ಮನೆ ಕೈಗೆ ಕೊಟ್ಟರೆ ಶಾಸಕರು ಪಕ್ಕದವರಿಗೆ ದಾಟಿಸುತ್ತಾರೆ, ಪಕ್ಕದವರು ಮೇಜಿನ ಮೇಲೆ ಬಿಟ್ಟು ಹೋಗುತ್ತಾರೆ. ಶಾಲಿನ ಮಡಿಕೆಯೊಳಗೆ ಇಟ್ಟು ಪೆಟ್ಟಿಗೆಯಲ್ಲಿ ಕೊಟ್ಟರೆ ಮನೆಗೆ ಹೋಗಿ ಬಿಚ್ಚಿದಾಗ ಸಿಕ್ಕೇ ಸಿಗುತ್ತದೆ.

"ಹೊದಿಸಲಿಕ್ಕೆ ಬೇರೆ ಶಾಲು. ಇದು ಕಾಶ್ಮೀರದ್ದು, ಇದನ್ನು ಯಾರೂ ಬಿಟ್ಟು ಹೋಗುವುದಿಲ್ಲ" ಎಂದರು ಸಾಹೇಬರು. ಅದು ನಿಜವಾಯಿತು. ಶಾಸಕರು ಪೆಟ್ಟಿಗೆಯನ್ನು ತಾವೇ ಕಂಕುಳಲ್ಲಿಟ್ಟುಕೊಂಡು ಹೋದರು. ನಾವು ಗೆದ್ದೆವೆಂದುಕೊಂಡು ಒಂದು ಹೋಟೆಲಿಗೆ ಹೋಗಿ ಅರಬರ ಮಂದಿ, ಅಂದರೆ ಮಾಂಸದ ಅನ್ನ, ಉಂಡೆವು.

ಆ ವಾರವೇ ಯಾನ್ಬುವಿನಿಂದ ಒಬ್ಬರ ಫೋನು ಬಂತು. ರಿಫೈನರಿಯಲ್ಲಿ ಕೆಲಸದಲ್ಲಿರುವ ಉಡುಪಿ ಕಡೆಯವರು, ಅಲ್ಲಿಯ ಕನ್ನಡಿಗರನ್ನು ಸೇರಿಸಿ ಆಗಾಗ ಕಾರ್ಯಕ್ರಮ ಮಾಡುವವರು. ಸ್ವರದಲ್ಲಿ ಗೊಂದಲ ಇತ್ತು.

"ಶಾಸಕರು ನಮ್ಮಲ್ಲಿಗೂ ಬಂದಿದ್ರು. ನಾವು ಸನ್ಮಾನ ಮಾಡಿದೆವು. ಅವರೂ ಖುಷಿಯಲ್ಲಿ ನನಗೊಂದು ಶಾಲು ಕೊಟ್ಟು ಸನ್ಮಾನ ಮಾಡಿದ್ರು. ಒಳ್ಳೇ ಶಾಲು."

"ಕಾಶ್ಮೀರದ್ದಾ?" ಎಂದೆ.

"ಹೌದು. ಹೆಂಡತಿ ಬಿಚ್ಚುವಾಗ ಒಳಗೆ ನಿಮ್ಮ ಮನವಿ ಉಂಟು. ನಿಮ್ಮ ಶಾಲೆಗೆ ಕನ್ನಡ ಟೀಚರನ್ನು ಕಳಿಸಬೇಕಂತೆ. ನಾನೀಗ ಎಂತ ಮಾಡಬೇಕು?"

ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು, ಮನವಿಯಲ್ಲಿ ಎಲ್ಲ ಸರಿಯಾಗಿ ಬರೆದಿದೆ ಎಂದೂ, ಮಕ್ಕಳ ತೊಂದರೆ ಓದಿ ತಮ್ಮ ಹೆಂಡತಿಗೆ ಕಣ್ಣೀರು ಬಂತೆಂದೂ, ತಮ್ಮಿಂದ ಆದ ಪ್ರಯತ್ನ ಮಾಡುವುದಾಗಿ ಹೇಳಿದರು. ಪಾಪ, ಆಮೇಲೆ ಯಾರ್ಯಾರನ್ನೋ ವಿಚಾರಿಸಿ ಎರಡು ಸಲ ಫೋನೂ ಮಾಡಿದರು. ನಾನು ಸಾಹೇಬರಿಗೆ ಸುದ್ದಿ ಮುಟ್ಟಿಸಿದೆ. ಅವರು ತಲೆ ಮೇಲೆ ಕೈಯಿಟ್ಟು ಕೂತರು. ಮತ್ತೆ ಕೈ ತೆಗೆದು, "ಓದಿದರಲ್ಲ ಮಾರಾಯ. ನಮ್ಮ ಮನವಿಯನ್ನು ಇಷ್ಟರವರೆಗೆ ಓದಿದ ಮೊದಲನೆಯ ಮನುಷ್ಯ ಅವರು. ಮುಂದಿನ ಸಲ ಅವರನ್ನೇ ಎಲೆಕ್ಷನ್ನಿಗೆ ನಿಲ್ಲಿಸುವಾ" ಎಂದರು.

೩. ನಿಮ್ಮದು ಯಾವ ಕ್ಷೇತ್ರ

ಅಮೆರಿಕದ ಹಾಳೆಯಲ್ಲಿ ಒಂದು ಮಾತು ದಪ್ಪ ಅಕ್ಷರದಲ್ಲಿತ್ತು: ನೀವು ಅವರ ಕ್ಷೇತ್ರದ ಮತದಾರರು ಎನ್ನುವುದನ್ನು ಶಾಸಕರಿಗೆ ನೆನಪಿಸಿ. ಅಮೆರಿಕದವರಿಗೆ ಅದು ಸುಲಭ. ನಮ್ಮ ಕನ್ನಡ ಕ್ಲಾಸಿನಲ್ಲಿ ಭಟ್ಕಳದ ಮಕ್ಕಳಿದ್ದಾರೆ, ಬಂಟ್ವಾಳದವರಿದ್ದಾರೆ, ಉಡುಪಿ, ಶಿವಮೊಗ್ಗ, ಬೀದರಿನವರೂ ಇದ್ದಾರೆ. ಯಾವ ಶಾಸಕರಿಗೆ ಫೋನು ಮಾಡಿದರೂ ಅವರ ಪಾಲಿಗೆ ಒಂದು ಮಗು ಬರುತ್ತದೆ. ಒಬ್ಬರು, "ಜಿದ್ದಾ ಯಾವ ಕ್ಷೇತ್ರಕ್ಕೆ ಬರುತ್ತೆ?" ಎಂದು ನನ್ನನ್ನೇ ಕೇಳಿದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಕೊನೆಗೆ ಯಾರೋ ಬುದ್ಧಿ ಹೇಳಿದರು: ವಿಧಾನಸಭೆಯವರನ್ನು ಬಿಡಿ, ವಿಧಾನ ಪರಿಷತ್ತಿನವರನ್ನು ಹಿಡಿಯಿರಿ. ಅಲ್ಲಿ ಶಿಕ್ಷಕರ ಕ್ಷೇತ್ರದಿಂದಲೇ ಆರಿಸಿ ಬಂದವರಿರುತ್ತಾರೆ. ಶಿಕ್ಷಕರೇ ಮತ ಹಾಕಿ ಕಳಿಸಿದ ಮನುಷ್ಯನಿಗೆ ಶಿಕ್ಷಕರಿಲ್ಲದ ಶಾಲೆಯ ಕಷ್ಟ ತಿಳಿಯದೆ ಇರುತ್ತದೆಯೇ. ನನಗೂ ಹೌದೆನಿಸಿತು. ಅಂಥ ಒಬ್ಬರ ಜೊತೆ ವಿಡಿಯೋ ಕರೆಯಲ್ಲಿ ಮಾತಾಡುವ ಅವಕಾಶವೂ ಸಿಕ್ಕಿತು. ಸಾಹೇಬರು ನನ್ನ ಪಕ್ಕದಲ್ಲಿ ಶಾಲು ಹಿಡಿದು ಕೂತರು. ಪರದೆಗೆ ಹೊದಿಸಲು ಬರುವುದಿಲ್ಲ ಎಂದರೂ, "ಕಾಣಲಿ, ಇಲ್ಲಿ ಉಂಟು ಅಂತ ಗೊತ್ತಾಗಲಿ" ಎಂದರು.

ಪರಿಷತ್ ಸದಸ್ಯರು ಹಿಂದೆ ತಾವೂ ಮೇಷ್ಟ್ರಾಗಿದ್ದವರು. ಗಟ್ಟಿ ಸ್ವರ. ಕ್ಲಾಸಿನಲ್ಲಿ ಹಾಜರಿ ತೆಗೆದುಕೊಳ್ಳುವವರ ಹಾಗೆ ಕೇಳಿದರು.

"ನಿಮ್ಮಲ್ಲಿ ಕನ್ನಡ ಶಿಕ್ಷಕರು ಎಷ್ಟು ಜನ ಇದಾರ್ರೀ?"

"ಒಬ್ಬರು ಸರ್. ಅವರೂ ಹೊರಟಿದ್ದಾರೆ."

"ಅವರ ಹೆಸರು ನಮ್ಮ ಮತದಾರರ ಪಟ್ಟಿಯಲ್ಲಿದೆಯಾ?"

"ಇಲ್ಲ ಸರ್. ಅವರು ಇಷ್ಟು ವರ್ಷದಿಂದ ಇಲ್ಲೇ ಇದ್ದಾರಲ್ಲ."

"ನೋಡಿ, ನಾನು ಶಿಕ್ಷಕರ ಪ್ರತಿನಿಧಿ. ಶಿಕ್ಷಕರ ಸಮಸ್ಯೆ ಏನಿದ್ದರೂ ತನ್ನಿ, ಸದನದಲ್ಲಿ ಗುಡುಗ್ತೀನಿ. ಆದರೆ ನಿಮ್ಮ ಶಾಲೆಯಲ್ಲಿ ಶಿಕ್ಷಕರೇ ಇಲ್ಲವಲ್ಲ?"

"ಸರ್, ಅದೇ ನಮ್ಮ ಸಮಸ್ಯೆ."

"ಅದನ್ನೇ ನಾನೂ ಹೇಳ್ತಿರೋದು. ಮೊದಲು ಒಬ್ಬ ಶಿಕ್ಷಕರನ್ನು ನೇಮಿಸಿಕೊಳ್ಳಿ. ಆಮೇಲೆ ಅವರ ಕೈಯಲ್ಲಿ ಶಿಕ್ಷಕರಿಲ್ಲ ಅಂತ ಒಂದು ಮನವಿ ಕೊಡಿಸಿ. ನಾನು ನೋಡ್ಕೋತೀನಿ."

೪. ಮನವಿ ಸ್ವೀಕರಿಸಿದ್ದು

ರಜೆಗೆ ಊರಿಗೆ ಹೋದಾಗ, ಕಚೇರಿಗೆ ಹೋಗಿ ಕಾಣಿ ಎಂದು ಅಮೆರಿಕದ ಹಾಳೆಯಲ್ಲಿತ್ತಲ್ಲ, ಅದನ್ನೂ ಮಾಡಿಯೇ ಬಿಡೋಣವೆಂದು ಬಸ್ಸು ಹತ್ತಿ ಬೆಂಗಳೂರಿಗೆ ಹೋದೆ. ಅತ್ತೆ ಮಾವನಿಗೆ ಮುಖ ತೋರಿಸಲು ಹೆಂಡತಿ ಇಟ್ಟುಕೊಂಡಿದ್ದ ದಿನ ಅದು. ಅವಳು ನನ್ನ ಜೊತೆ ಮಾತು ಬಿಟ್ಟಳು.

ಶಾಸಕರ ಭವನದಲ್ಲಿ ನಾನು ಕಾಣಲು ಹೋದ ಶಾಸಕರ ಕೋಣೆಯ ಹೊರಗೆ ಜನವೋ ಜನ. ಎಲ್ಲರ ಕೈಯಲ್ಲೂ ಒಂದೊಂದು ಮನವಿ. ನಾನೂ ನನ್ನದನ್ನು ಹಿಡಿದು ಕೂತೆ. ಮಧ್ಯಾಹ್ನ ದಾಟಿದ ಮೇಲೆ ನನ್ನ ಸರದಿ ಬಂತು. ಸಹಾಯಕ, "ಇವರು ಸೌದಿಯಿಂದ ಬಂದವರು" ಎಂದ. ಶಾಸಕರು ಕುರ್ಚಿಯಿಂದ ಎದ್ದೇ ಬಿಟ್ಟರು.

"ಸೌದಿಯಿಂದಲಾ? ನಿಮ್ಮನ್ನೇ ಹುಡುಕ್ತಾ ಇದ್ದೆ. ಕೂತ್ಕೊಳ್ಳಿ."

ನನ್ನ ಎದೆ ತುಂಬಿ ಬಂತು. ಇಷ್ಟು ದಿನ ನಾವು ಕಳಿಸಿದ ಮನವಿಗಳಲ್ಲಿ ಒಂದಾದರೂ ಇವರಿಗೆ ತಲುಪಿದೆ ಎಂದುಕೊಂಡೆ. ಅವರು ಡ್ರಾಯರು ತೆಗೆದು ನನ್ನ ಮುಂದೆ ಅರ್ಜಿಗಳ ಒಂದು ಕಟ್ಟು ಇಟ್ಟರು. ಅವರ ಕ್ಷೇತ್ರದ ಒಬ್ಬನ ಪಾಸ್‌ಪೋರ್ಟನ್ನು ಅವನ ಕಫೀಲ್, ಅಂದರೆ ಕೆಲಸಕ್ಕೆ ಕರೆಸಿಕೊಂಡ ಸೌದಿ ಧಣಿ, ಹಿಡಿದಿಟ್ಟುಕೊಂಡು ಊರಿಗೆ ಬಿಡುತ್ತಿಲ್ಲ. ಇನ್ನೊಬ್ಬ ಇಕಾಮಾ ಎನ್ನುವ ವಾಸದ ಪರವಾನಗಿ ಮುಗಿದು ರಿಯಾದಿನಲ್ಲಿ ಅಡಗಿ ಕೂತಿದ್ದಾನೆ. ಕಾರ್ಯಕರ್ತರೊಬ್ಬರ ಭಾವನಿಗೆ ಡ್ರೈವರ್ ಕೆಲಸ ಬೇಕು, ಹವಾನಿಯಂತ್ರಿತ ಗಾಡಿಯೇ ಆಗಬೇಕು. "ಇದನ್ನೆಲ್ಲ ನೀವು ಸ್ವಲ್ಪ ಮನಸ್ಸು ಮಾಡಿದರೆ ಆಗುತ್ತೆ" ಎಂದರು ಶಾಸಕರು. ಅವರು ಕೈ ಮುಗಿದದ್ದೂ ನಿಜ.

ಬಾಗಿಲಲ್ಲಿದ್ದವರಿಗೆ ಇದು ಕೇಳಿಸಿತು. ನಾನು ಹೊರಗೆ ಬರುವಾಗ ಶಾಸಕರ ಮುಂದಿನ ಸಾಲಿನಿಂದ ಅರ್ಧ ಜನ ನನ್ನ ಹಿಂದೆ ಬಂದರು. ಒಬ್ಬ ಅಜ್ಜಿ ಮಗನ ಫೋಟೋ ತೋರಿಸಿದಳು, ದಮ್ಮಾಮಿನಲ್ಲಿದ್ದಾನಂತೆ, ಫೋನಿಲ್ಲವಂತೆ. ನನಗೆ ಬಾಯಿಗೆ ಬಂದದ್ದು ಒಂದೇ ಮಾತು: "ನೋಡುವಾ ಅಮ್ಮ. ನನ್ನಿಂದ ಆದದ್ದು ಮಾಡ್ತೇನೆ." ಆ ಮಾತನ್ನು ನಾನು ಎಲ್ಲಿ ಕೇಳಿ ಕಲಿತೆನೆಂದು ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು, ನಾಚಿಕೆಯೂ ಆಯಿತು.

ಆ ನಾಚಿಕೆಗೇ, ಜಿದ್ದಾಕ್ಕೆ ಬಂದ ಮೇಲೆ ಸಾಹೇಬರನ್ನು ಕರೆದುಕೊಂಡು ಆ ಕಫೀಲನ ಮನೆಗೆ ಹೋದೆ. ಸಾಹೇಬರು ಅರಬಿಯಲ್ಲಿ ನಯವಾಗಿ ಮಾತಾಡಿ, ಖಹ್ವಾ ಕುಡಿದು, ಪಾಸ್‌ಪೋರ್ಟ್ ಬಿಡಿಸಿಕೊಂಡು ಬಂದರು. ಹುಡುಗ ಊರು ಸೇರಿದ. ಅಜ್ಜಿಯ ಮಗನೂ ದಮ್ಮಾಮಿನಲ್ಲಿ ಸಿಕ್ಕಿದ. ಫೋನು ಕಳೆದಿತ್ತು ಅಷ್ಟೇ. ಟೀಚರ್ ಸುದ್ದಿ ಮಾತ್ರ ಎಲ್ಲಿಯದು ಅಲ್ಲೇ. ಒಟ್ಟಿನಲ್ಲಿ ಆ ವರ್ಷ ಆ ಕ್ಷೇತ್ರದ ಜನರ ಕೆಲಸ ಮಾಡಿಕೊಟ್ಟ ಶಾಸಕ ಯಾರೆಂದರೆ ನಾನೇ.

೫. ಮಗಳ ಭಾಷಣ

ಅಷ್ಟರಲ್ಲಿ ಶಾಲೆಯ ವರ್ಷ ಮುಗಿಯುತ್ತ ಬಂತು. ಕುಂದಾಪುರದ ಟೀಚರ್ ಮನೆಯ ಸಾಮಾನು ಒಂದೊಂದಾಗಿ ಮಾರುತ್ತಿದ್ದರು. ಅಮೆರಿಕದ ಹಾಳೆಯಲ್ಲಿ ಉಳಿದದ್ದು ಒಂದೇ ಉಪಾಯ: ಶಾಸಕರನ್ನು ಶಾಲೆಗೆ ಕರೆಯಿರಿ, ನಿಮ್ಮ ಬೇಡಿಕೆಯನ್ನು ಮಕ್ಕಳ ಬಾಯಿಂದಲೇ ಹೇಳಿಸಿರಿ.

ಜಿದ್ದಾಕ್ಕೆ ಕನ್ನಡದ ಒಂದು ಕಾರ್ಯಕ್ರಮಕ್ಕೆ ಬಂದ ಶಾಸಕರೊಬ್ಬರು ಶಾಲೆಗೂ ಬರಲು ಒಪ್ಪಿದರು. ಮಾತು ಬಲ್ಲವರು, ಭಾವುಕರು, ಸದನದಲ್ಲಿ ಎದ್ದು ನಿಂತರೆ ಪತ್ರಿಕೆಯವರು ಬರೆದುಕೊಳ್ಳುತ್ತಾರೆ ಎಂದು ಹೆಸರು. ಸ್ವಾಗತ ಭಾಷಣಕ್ಕೆ ಟೀಚರ್ ನನ್ನ ಮಗಳನ್ನು ಆರಿಸಿದರು.

ನನಗೆ ಮೊದಲೇ ಒಂದು ಅಳುಕಿತ್ತು. "ಟೀಚರ್, ಅವಳಿಗೆ ಓದಲಿಕ್ಕೇ ಬರುವುದಿಲ್ಲ, ಕಾಗುಣಿತದಲ್ಲೇ ನಿಂತಿದ್ದಾಳೆ. ಇದ್ದ ಹಾಗೆ ತಪ್ಪು ತಪ್ಪಾಗಿ ಓದಲಿ. ಅದನ್ನು ಕೇಳಿದರೆ ಅವರಿಗೇ ಗೊತ್ತಾಗ್ತದೆ" ಎಂದೆ.

ಟೀಚರಿಗೆ ಸಿಟ್ಟು ಬಂತು. "ನಾನು ಇಷ್ಟು ವರ್ಷ ಕಲಿಸಿ ಹೋಗುವಾಗ ಮಕ್ಕಳು ಎದುರಿಗೆ ನಿಂತು ತಪ್ಪು ಓದಬೇಕಾ? ನನ್ನ ಮರ್ಯಾದೆ ಎಂತ ಆಗಬೇಕು?"

ಸಾಹೇಬರೂ ಅವರ ಕಡೆಯೇ. "ಅತಿಥಿ ಮನೆಗೆ ಬರುವಾಗ ಹರಿದ ಚಾಪೆ ಹಾಕ್ತಾರಾ ಮಾರಾಯ?" ಪ್ರಿನ್ಸಿಪಾಲರಂತೂ ಶಾಲೆಯ ಹೆಸರಿನ ಪ್ರಶ್ನೆ ಎಂದರು. ನಾನು ಒಬ್ಬನೇ ಆದೆ.

ಟೀಚರ್ ಭಾಷಣ ಬರೆದರು, ಮಗಳು ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡಳು. ಸೋಫಾದ ಮೇಲೆ ನಿಂತು, ಅಡುಗೆಮನೆಯಲ್ಲಿ, ಶಾಲೆಯ ಬಸ್ಸಿನಲ್ಲಿ ಅದೇ. ಅರ್ಥವನ್ನು ಟೀಚರ್ ಸಾಲು ಸಾಲಾಗಿ ಇಂಗ್ಲಿಷಿನಲ್ಲಿ ಹೇಳಿಕೊಟ್ಟರು, ಎಲ್ಲಿ ನಿಲ್ಲಬೇಕು, ಎಲ್ಲಿ ಸ್ವರ ಏರಿಸಬೇಕು, ಎಲ್ಲಿ ಕಣ್ಣು ಕೆಳಗೆ ಮಾಡಬೇಕು ಎಲ್ಲ ತಿದ್ದಿದರು. ಒಂದು ವಾರದಲ್ಲಿ ನನ್ನ ಮಗಳು ಕಾಗದ ನೋಡದೆ, ಎಡವದೆ, ಒಂದು ಲೋಪವಿಲ್ಲದೆ ಮಾತಾಡತೊಡಗಿದಳು. ನನಗೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು.

ಆ ದಿನ ಸಭಾಂಗಣ ತುಂಬಿತ್ತು. ಪೇಟ ಸರಿಯಾಗಿ ತಲೆಗೇರಿತು, ಶಾಲು ಹೆಗಲಿಗೇರಿತು. ಮಗಳು ಮೈಕಿನ ಮುಂದೆ ನಿಂತು, "ಮಾನ್ಯ ಶಾಸಕರೇ, ಕಡಲಾಚೆಯ ಈ ಮಣ್ಣಿನಲ್ಲಿ ನಿಮ್ಮ ಮಕ್ಕಳು ನಿಮ್ಮನ್ನು ಸ್ವಾಗತಿಸುತ್ತಿದ್ದೇವೆ" ಎಂದು ಶುರು ಮಾಡಿದಳು. ಮುಂದೆ, "ನಮಗೆ ಕನ್ನಡ ಕಲಿಸುವವರು ಇಲ್ಲವಾಗುತ್ತಿದ್ದಾರೆ. ನಮ್ಮ ನಾಲಿಗೆಯಿಂದ ನಮ್ಮ ನುಡಿ ಜಾರಿಹೋಗುವ ಮೊದಲು ನಮಗೊಬ್ಬ ಗುರುವನ್ನು ಕಳಿಸಿಕೊಡಿ" ಎಂದು ಮುಗಿಸಿದಳು. ನನ್ನ ಹಿಂದೆ ಕೂತಿದ್ದ ತಾಯಂದಿರು ಮೂಗು ಒರೆಸಿಕೊಂಡರು. ಶಾಸಕರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಸಾಹೇಬರು ನನ್ನ ತೊಡೆ ಚಿವುಟಿ, "ಆಯಿತು ಮಾರಾಯ, ಟೀಚರ್ ಬಂದ ಹಾಗೆಯೇ" ಎಂದರು.

ಶಾಸಕರು ಮೈಕಿಗೆ ಬಂದರು. ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಹೇಳಿದರು: "ನಮ್ಮೂರಿನ ಮಕ್ಕಳಿಗೂ ಇಂಥ ಕನ್ನಡ ಬರೋದಿಲ್ಲ. ಇಷ್ಟು ಚೆಂದ ಮಾತಾಡುವ ಮಕ್ಕಳಿಗೆ ಟೀಚರ್ ಯಾಕಪ್ಪ? ಇವರೇ ಬಂದು ನಮಗೆ ಕಲಿಸಬೇಕು."

ಸಭೆ ಚಪ್ಪಾಳೆ ತಟ್ಟಿತು. ನಾನು ಎದ್ದು ನಿಂತೆ. "ಸರ್, ಅವಳಿಗೆ ಬಾಯಿಪಾಠ ಅಷ್ಟೇ, ಓದಲಿಕ್ಕೆ ಬರುವುದಿಲ್ಲ. ನೀವೇ ಬೇರೆ ಏನಾದರೂ ಕೇಳಿ ನೋಡಿ" ಎಂದು ಕೂಗಿದೆ. ಸ್ವಂತ ಮಗಳು ತುಂಬಿದ ಸಭೆಯಲ್ಲಿ ತಪ್ಪಲಿ ಎಂದು ದೇವರನ್ನು ಬೇಡಿಕೊಂಡ ಅಪ್ಪ ಆ ಹೊತ್ತಿಗೆ ಜಿದ್ದಾದಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಶಾಸಕರು ನಕ್ಕು ಅವಳ ಕಡೆ ಬಾಗಿ, "ಊಟ ಆಯ್ತಾ ಮಗು?" ಎಂದರು.

ಯಾವ ರೀಲ್ಸ್ ನೋಡಿ ಕಲಿತಳೋ, ಥಟ್ಟನೆ, "ಆಯ್ತು ಸರ್, ನಿಮ್ದು?" ಎಂದಳು.

ಸಭಾಂಗಣ ಹಾರಿಹೋಗುವಂತೆ ನಕ್ಕಿತು. ಶಾಸಕರು ಅವಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡರು. ನಾನು ವೇದಿಕೆಗೆ ಹೋಗಿ, ಅವಳು ಬರೆದುಕೊಂಡಿದ್ದ ಹಾಳೆಯನ್ನೇ ಸಾಕ್ಷಿಯಾಗಿ ಅವರ ಕೈಗೆ ಕೊಟ್ಟೆ. "ನೋಡಿ ಸರ್, ಇಂಗ್ಲಿಷ್ ಅಕ್ಷರ." ಅವರು ಹಾಳೆಯನ್ನು ನೋಡಲಿಲ್ಲ. ಹಿಂದೆ ತಿರುಗಿಸಿ, ಪೆನ್ನು ತೆಗೆದು, ಖಾಲಿ ಬದಿಗೆ "ಶುಭವಾಗಲಿ" ಎಂದು ಬರೆದು, ಸಹಿ ಹಾಕಿ, ಮಗಳಿಗೆ ಕೊಟ್ಟರು. ಹೊರಡುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, "ಈ ವಿಷಯ ಸದನದಲ್ಲಿ ಎತ್ತಿಯೇ ಎತ್ತುತ್ತೀನಿ" ಎಂದು ಮಾತು ಕೊಟ್ಟರು.

ನಾವು ಕಂಡ ಶಾಸಕರಲ್ಲಿ ಕೆಲಸದ ಮಾತನ್ನು ಉಳಿಸಿಕೊಂಡವರು ಅವರೊಬ್ಬರೇ. ಮುಂದಿನ ಅಧಿವೇಶನದಲ್ಲಿ ಎದ್ದು ನಿಂತು ನಮ್ಮ ಶಾಲೆಯ ಹೆಸರು ಹೇಳಿದರು. ಸೌದಿಯ ಮಕ್ಕಳ ಕನ್ನಡವನ್ನು ಕಣ್ಣಾರೆ ಕಂಡು ಬಂದೆ, ಅಲ್ಲಿ ಕನ್ನಡ ಸರ್ಕಾರದ ನೆರವಿಲ್ಲದೆ ತಾನಾಗಿಯೇ ಬೆಳೆಯುತ್ತಿದೆ, ಅದರ ಚಿಂತೆ ಯಾರೂ ಮಾಡಬೇಕಾಗಿಲ್ಲ ಎಂದು ಮೇಜು ತಟ್ಟಿ ಹೇಳಿದರು. ಇಡೀ ಸದನ ಪಕ್ಷಭೇದ ಮರೆತು ಮೇಜು ತಟ್ಟಿತಂತೆ. ಸಾಹೇಬರು ಆ ವಿಡಿಯೋ ನೋಡಿ, ಎರಡನೇ ಸಲ ನೋಡಿ, ಅಂಗಡಿಯ ಶಾಲಿನ ಕಪಾಟಿಗೆ ಬೀಗ ಹಾಕಿದರು. ಪ್ರಿನ್ಸಿಪಾಲರು ಯಾರಿಂದಲೋ ಅರ್ಥ ಮಾಡಿಸಿಕೊಂಡು ನನ್ನ ಕೈ ಕುಲುಕಿದರು. "ಮುಬಾರಕ್. ಟೀಚರ್ ಬೇಡವೆಂದು ನಿಮ್ಮ ಶಾಸಕರೇ ಸದನದಲ್ಲಿ ಹೇಳಿದ ಮೇಲೆ ನನ್ನ ಮನಸ್ಸಿನ ಭಾರ ಇಳಿಯಿತು."

ಕುಂದಾಪುರದ ಟೀಚರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದದ್ದು ನಾವಿಬ್ಬರೇ. ಕನ್ನಡ ಕ್ಲಾಸಿನಲ್ಲಿ ಈಗ ಅಕ್ಷರಮಾಲೆ ಇದ್ದ ಜಾಗದಲ್ಲಿ ಪ್ಯಾರಿಸಿನ ಗೋಪುರದ ಚಿತ್ರ ಇದೆ. ನನಗೆ ಬೇಸರವಾಗಿದೆ ಎಂದರೆ ಕಡಿಮೆ ಹೇಳಿದ ಹಾಗಾಯಿತು. ಸೋತು ಹೋಗಿದ್ದೇನೆ ಎನ್ನುವುದೇ ಸರಿ.

ಅದೇ ವಾರ ಊರಿನಿಂದ ಯಾರೋ ವಾಟ್ಸಾಪಿನಲ್ಲಿ ಪತ್ರಿಕೆಯ ತುಣುಕು ಕಳಿಸಿದರು. ಶಾಸಕರ ಪಕ್ಕದಲ್ಲಿ ನನ್ನ ಮಗಳ ಫೋಟೋ, ಮೇಲೆ ದೊಡ್ಡ ಅಕ್ಷರದ ಶೀರ್ಷಿಕೆ. ಅವಳು ಫೋನು ಹಿಡಿದುಕೊಂಡು ಓಡಿ ಬಂದಳು. ತನ್ನ ಮುಖ ನೋಡಿ ಹಿಗ್ಗಿದಳು. ಆಮೇಲೆ ಅಕ್ಷರಗಳನ್ನು ದೊಡ್ಡದು ಮಾಡಿದಳು, ಚಿಕ್ಕದು ಮಾಡಿದಳು, ಬೆರಳಿಟ್ಟು ಏನೋ ಕೂಡಿಸಲು ನೋಡಿದಳು, ಆಗಲಿಲ್ಲ.

"ಉಪ್ಪ, ನನ್ನ ಬಗ್ಗೆ ಎಂತ ಬರೆದಿದ್ದಾರೆ? ಸ್ವಲ್ಪ ಓದಿ ಹೇಳಿ."

ಓದಿದೆ: "ಮರಳುಗಾಡಿನಲ್ಲಿ ಸುಲಲಿತವಾಗಿ ಕನ್ನಡ ಓದಿ ಬರೆಯುವ ಬಾಲಕಿ."

ಮಗಳು ಫೋಟೋದಲ್ಲಿ ತನ್ನ ಹಿಂದೆ ನಿಂತವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿ, "ಇದರಲ್ಲಿ ಆ ಹುಡುಗಿ ಯಾರು?" ಎಂದು ಕೇಳಿದಳು.